ಕೊಳೆರೋಗಕ್ಕೆ ನೆರವು ಮಳೆಗೆ ಮೊದಲೇ ಬರಲಿ

ಮಾನ್ಯ ಸಂಪಾದಕರೆ,

ಪ್ರತಿ ವರ್ಷ ಆಶ್ಲೇಷ, ಮಘೆ ಮಳೆಗಳ ಹೊತ್ತಿಗೆ ಮಲೆನಾಡು ಮತ್ತು ಕರಾವಳಿಯ ಜಿಲ್ಲಾ ಪುಟಗಳಲ್ಲಿ ಒಂದು ಸುದ್ದಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಅಡಿಕೆ ಮರದ ಬುಡದಲ್ಲಿ ಉದುರಿ ಬಿದ್ದ ಹಸಿ ಅಡಿಕೆಯ ಚಿತ್ರ, ಕೊಳೆರೋಗದಿಂದ ಆದ ನಷ್ಟದ ಅಂದಾಜು, ಪರಿಹಾರಕ್ಕಾಗಿ ತಹಶೀಲ್ದಾರರಿಗೆ ಕೊಟ್ಟ ಮನವಿ. ಮನವಿ ನ್ಯಾಯವಾದದ್ದೇ, ಒಂದು ವರ್ಷದ ಬೆಳೆ ಕಣ್ಣೆದುರೇ ನೆಲಕ್ಕೆ ಬಿದ್ದವನು ಸರ್ಕಾರವನ್ನಲ್ಲದೆ ಇನ್ನಾರನ್ನು ಕೇಳಬೇಕು? ಆದರೆ ಕೊಳೆರೋಗವು ಬಂದ ಮೇಲೆ ವಾಸಿ ಮಾಡುವ ರೋಗವಲ್ಲ, ಬಾರದಂತೆ ತಡೆಯಬೇಕಾದ ರೋಗ. ಹೀಗಿರುವಾಗ ಇಲಾಖೆಗಳ ಗಮನವೂ ಹಣವೂ ಹೆಚ್ಚಾಗಿ ಅಡಿಕೆ ಉದುರಿದ ಮೇಲೆ ತೋಟದ ಕಡೆಗೆ ತಿರುಗುವುದು ಸರಿಯಲ್ಲವೆಂದು ಹೇಳುವುದಕ್ಕಾಗಿ ಈ ಪತ್ರ.

ಈ ರೋಗದ ಬಗ್ಗೆ ನಮಗೆ ತಿಳಿವಳಿಕೆ ಇಲ್ಲವೆಂದಲ್ಲ. ಮೈಸೂರು ಸಂಸ್ಥಾನ 1908ರಲ್ಲಿ ಕೆನಡಾದಿಂದ ಕರೆಸಿಕೊಂಡ ಲೆಸ್ಲಿ ಕೋಲ್ಮನ್ ಅವರು ಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ಕೊಳೆರೋಗದ ಅಧ್ಯಯನವೂ ಒಂದು. 1910ರಲ್ಲೇ ಅದರ ವರದಿ ಅಚ್ಚಾಯಿತು. ಅಡಿಕೆಯನ್ನು ಕೊಳೆಯಿಸುವುದು ಫೈಟಾಫ್ತೊರಾ ಎಂಬ ಕುಲದ ಜೀವಿ. ವಾಡಿಕೆಯಲ್ಲಿ ಶಿಲೀಂಧ್ರವೆಂದೇ ಕರೆದರೂ ವಿಜ್ಞಾನಿಗಳು ಇದನ್ನು ಪಾಚಿಗಳಿಗೆ ಹತ್ತಿರದ ಬೇರೆಯೇ ಗುಂಪಿನಲ್ಲಿ ಇರಿಸುತ್ತಾರೆ. 1845ರ ನಂತರ ಐರ್ಲೆಂಡಿನಲ್ಲಿ ಆಲೂಗೆಡ್ಡೆ ಕೊಳೆತು ಘೋರ ಕ್ಷಾಮ ಬಂದದ್ದೂ, ನಮ್ಮ ತೋಟಗಳಲ್ಲಿ ಕಾಳುಮೆಣಸಿನ ಬಳ್ಳಿ ಸೊರಗಿ ಸಾಯುವುದೂ ಇದೇ ಕುಲದ ಬೇರೆ ಬೇರೆ ಜಾತಿಗಳಿಂದ. ಇದರ ಬೀಜಕಣಗಳಿಗೆ ಬಾಲವಿದ್ದು, ಕಾಯಿಯ ಮೇಲಿನ ತೆಳುವಾದ ನೀರಿನ ಪದರದಲ್ಲಿ ಅವು ಈಜಿಕೊಂಡು ಹೋಗಿ ಒಳಸೇರುತ್ತವೆ. ಬಿಡದೆ ಮಳೆ, ನಡುವೆ ಸ್ವಲ್ಪ ಬಿಸಿಲು, ಮತ್ತೆ ಮಳೆ, ತಂಪು ಹವೆ, ಕೊನೆಯೊಳಗೆ (ಅಡಿಕೆ ಗೊಂಚಲಿನೊಳಗೆ) ಆರದ ತೇವ – ಇಷ್ಟಿದ್ದರೆ ಸಾಕು. ತೊಟ್ಟಿನ ಬಳಿ ನೀರಲ್ಲಿ ನೆಂದಂಥ ಕಡು ಹಸಿರು ಮಚ್ಚೆ ಮೂಡಿ, ಹೊಳಪು ಕಳೆದುಕೊಂಡ ಕಾಯಿ ಕೆಲವೇ ದಿನಗಳಲ್ಲಿ ಉದುರುತ್ತದೆ. ಬಿದ್ದ ಕಾಯಿಯ ಮೇಲೆ ಬಿಳಿ ಬೂಷ್ಟು ಹರಡುತ್ತದೆ. ಅದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಮಳೆಹನಿಯ ಸಿಡಿತದಿಂದಲೂ ಗಾಳಿಯಿಂದಲೂ ಪಕ್ಕದ ಕೊನೆಗಳಿಗೆ ರೋಗ ತಲುಪಿಯಾಗಿರುತ್ತದೆ.

ಮದ್ದೂ ಹೊಸದಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ರಸ್ತೆ ಬದಿಯ ದ್ರಾಕ್ಷಿಯನ್ನು ದಾರಿಹೋಕರು ಕಿತ್ತು ತಿನ್ನದಿರಲೆಂದು ಬಳ್ಳಿಗಳಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ನೀಲಿ ದ್ರಾವಣ ಎರಚುತ್ತಿದ್ದರಂತೆ. ಹಾಗೆ ಎರಚಿದ ಬಳ್ಳಿಗಳಿಗೆ ರೋಗ ತಗಲದಿದ್ದುದನ್ನು ಗಮನಿಸಿದ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಅದನ್ನು ಔಷಧಿಯಾಗಿ ಜಗತ್ತಿಗೆ ತಿಳಿಸಿದರು. ಬೋರ್ಡೋ ದ್ರಾವಣವೆಂಬ ಅದನ್ನೇ ನಮ್ಮ ತೋಟಗಳು ಇಂದಿಗೂ ನಂಬಿವೆ. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಲೆಕ್ಕ ಇಷ್ಟು ಸರಳವಾದರೂ ತಯಾರಿಯಲ್ಲಿ ಎಡವುವವರು ಈಗಲೂ ಬಹಳ. ಮೈಲುತುತ್ತವನ್ನು ಐವತ್ತು ಲೀಟರ್ ನೀರಿನಲ್ಲಿ, ಸುಣ್ಣವನ್ನು ಇನ್ನೈವತ್ತು ಲೀಟರಿನಲ್ಲಿ ಬೇರೆಬೇರೆಯಾಗಿ ಕರಗಿಸಿ, ಸೋಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನವಾಗಿ ಸುರಿಯುತ್ತಾ ಕದಡಬೇಕೇ ಹೊರತು, ಅವಸರಕ್ಕೆ ಎರಡನ್ನೂ ಒಂದೇ ಡ್ರಮ್ಮಿಗೆ ಹಾಕಿ ನೀರು ಬಿಡುವುದಲ್ಲ. ಕಬ್ಬಿಣದ ಪಾತ್ರೆ ಕೂಡದು. ತಯಾರಾದ ದ್ರಾವಣದಲ್ಲಿ ಹೊಳೆಯುವ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅದರ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಹುಳಿ ಉಳಿದಿದೆ, ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಇಲ್ಲವಾದರೆ ಎಳೆಗಾಯಿ ಸುಡುತ್ತದೆ. ಇಂದು ಮಾಡಿದ್ದನ್ನು ಇಂದೇ ಮುಗಿಸಬೇಕು, ಉಳಿದದ್ದು ನಾಳೆಗೆ ಬಲ ಕಳೆದುಕೊಂಡಿರುತ್ತದೆ. ರೋಗ ಜೋರಾಗಿದೆಯೆಂದು ಪ್ರಮಾಣ ಹೆಚ್ಚಿಸುವುದು, ಕಂಡಕಂಡ ಪೊಟ್ಟಣಗಳನ್ನು ಅದಕ್ಕೇ ಬೆರೆಸುವುದು ಈಚೆಗೆ ಹೆಚ್ಚಿರುವ ಚಟ. ಇದರಿಂದ ಅಂಗಡಿಯವರಿಗಷ್ಟೇ ಲಾಭವೆಂಬುದು ನನ್ನ ಅಭಿಪ್ರಾಯ.

ಇಲ್ಲಿ ಮುಖ್ಯವಾದ ಸಂಗತಿಯೆಂದರೆ, ಬೋರ್ಡೋ ದ್ರಾವಣ ಕಾಯಿಯ ಹೊರಮೈಗೆ ಕಾವಲು ನಿಲ್ಲುತ್ತದೆಯೇ ಹೊರತು ಒಳಹೊಕ್ಕ ರೋಗವನ್ನು ಅಟ್ಟುವುದಿಲ್ಲ. ಆದ್ದರಿಂದ ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನ, ಅಂದರೆ ಮೇ ಕೊನೆಯ ವಾರದಿಂದ ರೋಹಿಣಿ ಮಳೆ ಮುಗಿಯುವುದರೊಳಗೆ ಆಗಬೇಕು. ಮೃಗಶಿರ ಮಳೆ ಜೋರಾದ ಮೇಲೆ ಒದ್ದೆ ಕೊನೆಗೆ ಹೊಡೆದ ಔಷಧಿ ಕಾಯಿಗೆ ಅಂಟುವುದಕ್ಕಿಂತ ಮರದ ಮೈಮೇಲೆ ಇಳಿದು ಹೋಗುವುದೇ ಹೆಚ್ಚು. ರಾಳದ ಅಂಟು ಬೆರೆಸಿದರೂ ಒಣಗಲು ಕೆಲವು ಗಂಟೆಗಳ ಹೊಳವು, ಅಂದರೆ ಮಳೆಯ ಬಿಡುವು, ಬೇಕೇಬೇಕು. ಎರಡನೆಯ ಸಿಂಪಡಣೆ ನಲವತ್ತು–ನಲವತ್ತೈದು ದಿನಗಳ ನಂತರ. ಲೆಕ್ಕ ಹಾಕಿದರೆ ಅದು ಸರಿಯಾಗಿ ಪುನರ್ವಸು, ಪುಷ್ಯ ಮಳೆಗಳ ನಡುವೆ, ಘಟ್ಟದ ಅಂಚಿನ ಊರುಗಳಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದ ಕಾಲದಲ್ಲಿ ಬೀಳುತ್ತದೆ. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆ ಸೀಮೆಯಲ್ಲಿ ಜುಲೈ ತಿಂಗಳಲ್ಲಿ ಅರ್ಧ ದಿನದ ಹೊಳವು ಸಿಗುವುದೆಂದರೆ ಅದೃಷ್ಟ. ಆ ಅರ್ಧ ದಿನ ಸಿಕ್ಕಾಗ ಊರಿನ ಎಲ್ಲ ತೋಟಗಳಿಗೂ ಒಟ್ಟಿಗೆ ಮರ ಏರುವ ಕೊನೆಗಾರ ಬೇಕು, ಪಂಪು ಬೇಕು, ಮನೆಯಲ್ಲಿ ಮೈಲುತುತ್ತವೂ ಸುಣ್ಣವೂ ಸಿದ್ಧವಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಸರದಿ ಮುಂದಕ್ಕೆ ಹೋಗುತ್ತದೆ, ಮಳೆ ಮತ್ತೆ ಹಿಡಿಯುತ್ತದೆ. ದಕ್ಷಿಣ ಕನ್ನಡದಿಂದ ಶಿರಸಿಯವರೆಗೆ ಬೆಳೆಗಾರರು ಕಂಗೆಟ್ಟ 2013, 2018ರಂಥ ಮಳೆಗಾಲಗಳಲ್ಲಿ ಹೆಚ್ಚಿನವರಿಗೆ ಔಷಧಿ ಗೊತ್ತಿರಲಿಲ್ಲವೆಂದಲ್ಲ, ಹೊಡೆಯಲು ಹೊಳವು ಸಿಗಲಿಲ್ಲ.

ಇಂಥ ರೋಗಕ್ಕೆ ಸರ್ಕಾರದ ನೆರವು ಯಾವಾಗ ಬರಬೇಕು? ಮೈಲುತುತ್ತಕ್ಕೆ ತೋಟಗಾರಿಕೆ ಇಲಾಖೆ ಸಹಾಯಧನ ಕೊಟ್ಟ ವರ್ಷಗಳಿವೆ. ಆದರೆ ಆ ಸಹಾಯಧನದ ಆದೇಶ ಹೊರಟು, ಅರ್ಜಿ, ಪಹಣಿ, ಆಧಾರ್ ಪ್ರತಿ, ಖರೀದಿಯ ಬಿಲ್ಲು ಎಲ್ಲವನ್ನೂ ಕೊಟ್ಟು ಮುಗಿಸುವಷ್ಟರಲ್ಲಿ ಮೊದಲ ಸಿಂಪಡಣೆಯ ಕಾಲ ದಾಟಿರುತ್ತದೆ. ಸಣ್ಣ ಹಿಡುವಳಿದಾರರು ಸಾಲಕ್ಕೆ ತಂದಷ್ಟೇ ಮೈಲುತುತ್ತದಲ್ಲಿ ಒಂದು ಸಿಂಪಡಣೆ ಮುಗಿಸಿ ಎರಡನೆಯದನ್ನು ದೇವರಿಗೆ ಬಿಡುತ್ತಾರೆ. ಏಪ್ರಿಲ್ ಮುಗಿಯುವುದರೊಳಗೆ ಪ್ರಾಥಮಿಕ ಸಹಕಾರ ಸಂಘಗಳ ಗೋದಾಮಿಗೆ ದಾಸ್ತಾನು ಬಂದು, ಸಹಾಯಧನ ಕಳೆದ ದರದಲ್ಲೇ ಕೌಂಟರಿನಲ್ಲಿ ಸಿಗುವಂತಾದರೆ ಇದೇ ಹಣ ಹಲವು ಪಟ್ಟು ಕೆಲಸ ಮಾಡುತ್ತದೆ. ಜೊತೆಗೆ ಗುಣಮಟ್ಟದ ಪ್ರಶ್ನೆಯೂ ಇದೆ. ಕಡು ನೀಲಿಯ ಹರಳಿನ ಬದಲು ಹಸಿರು ಛಾಯೆಯ, ಪುಡಿಪುಡಿಯಾದ ಸರಕು ಹಂಗಾಮಿನ ಬಿಸಿಯಲ್ಲಿ ಮಾರುಕಟ್ಟೆಗೆ ನುಗ್ಗುತ್ತದೆ. ಕಬ್ಬಿಣದ ಲವಣ ಬೆರೆತದ್ದನ್ನು ಬರಿಗಣ್ಣಿನಲ್ಲಿ ಗುರುತಿಸಲು ಎಲ್ಲರಿಂದಲೂ ಆಗುವುದಿಲ್ಲ. ಪ್ರತಿ ತಾಲ್ಲೂಕಿನಿಂದ ಮೇ ತಿಂಗಳಲ್ಲೇ ಮಾದರಿಗಳನ್ನು ತೆಗೆದು ಪರೀಕ್ಷಿಸಿ, ಫಲಿತಾಂಶವನ್ನು ಸಂಘಗಳ ಫಲಕದಲ್ಲಿ ಹಾಕುವುದು ದೊಡ್ಡ ಖರ್ಚಿನ ಕೆಲಸವೇನಲ್ಲ.

ಇನ್ನು ಕೊನೆಗಾರರ ವಿಚಾರ. ಔಷಧಿ, ಹಣ ಎರಡೂ ಇದ್ದು ಮರ ಏರುವವರಿಲ್ಲದೆ ತೋಟ ಹಾಳಾಗುವುದು ಇಂದಿನ ಮಲೆನಾಡಿನ ನಿಜ ಸ್ಥಿತಿ. ಜಾರುವ ಮರವನ್ನು ಕಾಲಿಗೆ ತಳೆ ಎಂಬ ಹಗ್ಗದ ಬಳೆ ಹಾಕಿ ಏರಿ, ಮಣೆ ಕಟ್ಟಿ ಕೂತು, ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತಾ ಸುತ್ತಲಿನ ಕೊನೆಗಳಿಗೆಲ್ಲ ಔಷಧಿ ಹೊಡೆಯುವ ಆ ಕೌಶಲ ತಂದೆಯಿಂದ ಮಗನಿಗೆ ಬರುತ್ತಿತ್ತು. ಈಗ ಮಕ್ಕಳು ಬರುತ್ತಿಲ್ಲ, ಬರಲಿ ಎಂದು ಅಪ್ಪಂದಿರೂ ಬಯಸುತ್ತಿಲ್ಲ. ಬಿದ್ದು ಸೊಂಟ ಮುರಿದುಕೊಂಡವರನ್ನು ಪ್ರತಿ ಊರಿನವರೂ ಹೆಸರಿಟ್ಟು ಹೇಳಬಲ್ಲರು. ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೊವೂ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಟ್ಲ ಕೇಂದ್ರವೂ ಯುವಕರಿಗೆ ಮರ ಏರುವ ತರಬೇತಿ ನಡೆಸಿದ್ದು ಸ್ವಾಗತಾರ್ಹ. ಕಾರ್ಬನ್ ಫೈಬರಿನ ದೋಟಿಯಿಂದ (ಉದ್ದನೆಯ ಕೋಲಿನಿಂದ) ನೆಲದಲ್ಲೇ ನಿಂತು ಸಿಂಪಡಿಸುವುದು ಸಾಧ್ಯವಾಗಿರುವುದೂ ಒಳ್ಳೆಯದೇ. ಆದರೂ ಎತ್ತರದ ಹಳೆಯ ಮರಗಳ ತೋಟದಲ್ಲಿ, ಮೋಡ ಕವಿದ ಬೆಳಕಿನಲ್ಲಿ, ಕೆಳಗಿನಿಂದ ಕೊನೆಯ ಒಳಮೈಗೆ ಔಷಧಿ ತಾಗಿತೇ ಇಲ್ಲವೇ ಎಂದು ತಿಳಿಯುವುದು ಕಷ್ಟ; ಮರದ ಮೇಲೆ ಕೂತವನ ಕಣ್ಣಿಗೆ ದೋಟಿ ಸಮನಲ್ಲ. ಹಾಗಾಗಿ ದೋಟಿಗೆ ಸಬ್ಸಿಡಿ ಕೊಡುವ ಉತ್ಸಾಹದ ಒಂದು ಪಾಲಾದರೂ ಕೊನೆಗಾರರ ಅಪಘಾತ ವಿಮೆಗೆ, ಸುರಕ್ಷತಾ ಬೆಲ್ಟಿಗೆ, ಮಳೆಗಾಲದ ನಿಶ್ಚಿತ ಗಳಿಕೆಗೆ ಸಲ್ಲಬೇಕು. ಪಂಚಾಯಿತಿಗೊಂದು ಸಿಂಪಡಣಾ ತಂಡವನ್ನು ಸಹಕಾರ ಸಂಘವೇ ನೇಮಿಸಿ, ಹೊಳವು ಸಿಕ್ಕಾಗ ಸಾಲಾಗಿ ಒಂದು ಕಣಿವೆಯ ತೋಟಗಳನ್ನೆಲ್ಲ ಮುಗಿಸುವ ಏರ್ಪಾಡು ಮಾಡಿದರೆ ಆಳಿನ ಕೊರತೆಯೂ ಸ್ವಲ್ಪ ತಗ್ಗುತ್ತದೆ.

ಸಾಲಾಗಿ ಎಂದು ಒತ್ತಿ ಹೇಳಲು ಕಾರಣವಿದೆ. ಮಲೆನಾಡಿನ ತೋಟಗಳು ಕಣಿವೆಯುದ್ದಕ್ಕೂ ಬೇಲಿಗೆ ಬೇಲಿ ತಾಗಿಕೊಂಡಿವೆ. ಯಜಮಾನರು ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ, ಕಳೆದ ವರ್ಷದ ರೋಗದ ಕೊನೆಗಳು ಮರದಲ್ಲೇ ಒಣಗಿ ನೇತಾಡುತ್ತಿರುವ ಒಂದು ತೋಟವಿದ್ದರೆ ಅದರ ಸುತ್ತಲಿನವರ ಸಿಂಪಡಣೆ ಅರ್ಧ ವ್ಯರ್ಥ. ಆ ಒಣ ಕೊನೆಗಳಲ್ಲೂ, ಸುಳಿ ಕೊಳೆತು ಸತ್ತು ನಿಂತ ಮರಗಳಲ್ಲೂ ರೋಗ ಮುಂದಿನ ಮಳೆಗಾಗಿ ಕಾದಿರುತ್ತದೆ. ಅವನ್ನು ಬೇಸಿಗೆಯಲ್ಲೇ ತೆಗೆದು ಸುಡುವುದು, ಉದುರಿದ ಅಡಿಕೆಯನ್ನು ಆರಿಸಿ ತೋಟದಿಂದ ಹೊರಗೆ ಸಾಗಿಸುವುದು, ಬಸಿಗಾಲುವೆ ಬಿಡಿಸುವುದು ಔಷಧಿಯಷ್ಟೇ ಮುಖ್ಯವಾದ ಕೆಲಸಗಳು. ಖರ್ಚು ಕಡಿಮೆಯಾದ್ದರಿಂದಲೋ ಏನೋ ಇವಕ್ಕೆ ಯೋಜನೆಗಳಲ್ಲಿ ಸಿಗುವ ಗಮನ ಕಡಿಮೆ. ರೋಗಪೀಡಿತ ಪ್ರದೇಶವೆಂದು ಘೋಷಿಸಿ ಭೂಮಿಯ ಅನುಭೋಗದಾರರಿಂದ ನಿವಾರಣಾ ಕ್ರಮ ಮಾಡಿಸಲು 1968ರ ಕರ್ನಾಟಕ ಕೃಷಿ ಕೀಟ ಮತ್ತು ರೋಗಗಳ ಕಾಯ್ದೆಯಲ್ಲಿ ಅವಕಾಶವಿದೆ. ನೆರೆಯವರ ಮೇಲೆ ಕಾಯ್ದೆ ಹಾಕಿಸುವುದು ಹಳ್ಳಿಯ ಬಾಳಿಗೆ ಒಗ್ಗದ ಮಾತೆಂದು ನನಗೂ ಗೊತ್ತು. ಕೊನೇಪಕ್ಷ ಯಜಮಾನರಿಲ್ಲದ ತೋಟಗಳ ಸಿಂಪಡಣೆಯನ್ನು ಸಂಘವೇ ಮಾಡಿಸಿ, ಫಸಲು ಮಾರಾಟಕ್ಕೆ ಬಂದಾಗ ಖರ್ಚನ್ನು ಹಿಡಿದುಕೊಳ್ಳುವ ಒಪ್ಪಂದವಾದರೂ ಆಗಲಿ.

ನಮ್ಮ ಕಡೆಯ ಹಿರಿಯರು ಔಷಧಿಗೂ ಮೊದಲಿನ ಕಾಲದಿಂದ ಕೊನೆಗೆ ಕೊಟ್ಟೆ, ಅಂದರೆ ಮಳೆ ತಡೆಯುವ ಹೊದಿಕೆ, ಕಟ್ಟುತ್ತಿದ್ದರು. ಬ್ಯಾಣದ (ಹುಲ್ಲುಗಾವಲಿನ) ಕರಡವೆಂಬ ಹುಲ್ಲನ್ನು ಕೊಯ್ದು ನೇಯ್ದ ಕೊಟ್ಟೆ ಮಳೆನೀರನ್ನು ಹೊರಗೇ ಜಾರಿಸಿ ಒಳಗೆ ಗಾಳಿಯಾಡಲು ಬಿಡುತ್ತಿತ್ತು. ತೇವವಿಲ್ಲದಿದ್ದರೆ ರೋಗವಿಲ್ಲ ಎಂಬ ತಿಳಿವಳಿಕೆಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಈಗಿನ ಪ್ಲಾಸ್ಟಿಕ್ ಕೊಟ್ಟೆಯೂ ಸರಿಯಾಗಿ ಕಟ್ಟಿದರೆ ಕೆಲಸ ಮಾಡುತ್ತದೆ. ಕೆಳಭಾಗ ತೆರೆದಿರಬೇಕು, ಮಳೆ ಮುಗಿದೊಡನೆ ಬಿಚ್ಚಬೇಕು. ಆದರೆ ಹರಿದ ಪ್ಲಾಸ್ಟಿಕ್ ಚೂರುಗಳನ್ನು ಸೊಪ್ಪಿನ ಜೊತೆ ತೋಟದ ಮಣ್ಣಿಗೆ ಸೇರಿಸಿಕೊಂಡವರ ಪಾಡನ್ನು ನೋಡಿದರೆ ನಾನು ಇದನ್ನು ಮನೆಯ ಹತ್ತಿರದ ಕೆಲವೇ ಮರಗಳಿಗೆ ಮಾತ್ರ ಹೇಳಿಯೇನು.

ತಾಮ್ರ ಮಣ್ಣಿನಲ್ಲಿ ಕೂಡಿಕೊಳ್ಳುತ್ತದೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಐರೋಪ್ಯ ಒಕ್ಕೂಟವು ಏಳು ವರ್ಷಗಳಲ್ಲಿ ಹೆಕ್ಟೇರಿಗೆ 28 ಕಿಲೊ ತಾಮ್ರ ಮೀರಬಾರದೆಂದು ಮಿತಿ ಹಾಕಿದೆ. ನಮ್ಮಲ್ಲಿ ತಲೆಮಾರುಗಳಿಂದ ಸಿಂಪಡಿಸಿದ ತೋಟಗಳ ಮಣ್ಣನ್ನು ಪರೀಕ್ಷಿಸಿ ಫಲಿತಾಂಶವನ್ನು ರೈತರಿಗೆ ತಿಳಿಸುವ ಕೆಲಸವನ್ನು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ವಹಿಸಿಕೊಂಡರೆ ಉಪಕಾರವಾದೀತು. ತಾಮ್ರವಿಲ್ಲದ ಹೊಸ ಔಷಧಿಗಳೂ ಬಂದಿವೆ. ಬೆಲೆ ಹೆಚ್ಚು, ಮತ್ತೆಮತ್ತೆ ಒಂದನ್ನೇ ಹೊಡೆದರೆ ರೋಗಾಣು ಅದಕ್ಕೆ ಒಗ್ಗಿಕೊಳ್ಳುವ ಭಯವೂ ಉಂಟು.

ಹವಾಮಾನ ಆಧಾರಿತ ಬೆಳೆ ವಿಮೆ ಇದೆಯಲ್ಲ ಎಂದು ಕೇಳಬಹುದು. ವಿಮಾ ಮೊತ್ತದ ಶೇ 5ರಷ್ಟು ಕಂತನ್ನು ನಾವು ಕಟ್ಟುತ್ತೇವೆ, ಅದು ಕೈಹಿಡಿದ ವರ್ಷಗಳೂ ಇವೆ. ಆದರೆ ಅದರ ಲೆಕ್ಕ ಮಳೆಮಾಪಕದ ಅಂಕಿಗೆ ಕಟ್ಟುಬಿದ್ದದ್ದು, ಕೊಳೆತ ಅಡಿಕೆಗಲ್ಲ. ಮಾಪಕ ಕೆಟ್ಟು ನಿಂತರೆ ಕೇಳುವವರಿಲ್ಲ. ಏನೇ ಆದರೂ ಹಣ ಬರುವುದು ಬೆಳೆ ಹೋದ ಎಷ್ಟೋ ತಿಂಗಳ ಮೇಲೆ.

ಕೊನೆಯದಾಗಿ ತಮ್ಮ ಪತ್ರಿಕೆಗೇ ಒಂದು ಬಿನ್ನಹ. ಮಳೆಗಾಲದಲ್ಲಿ ಹಿಂದಿನ ದಿನ ಎಲ್ಲೆಲ್ಲಿ ಎಷ್ಟು ಮಳೆಯಾಯಿತೆಂಬ ವಿವರವನ್ನು ತಾವು ಪ್ರಕಟಿಸುತ್ತೀರಿ. ಬಿದ್ದ ಮಳೆ ಎಷ್ಟೆಂಬುದು ನಮಗೆ ತೋಟಕ್ಕೆ ಇಳಿದರೆ ತಿಳಿಯುತ್ತದೆ. ಹವಾಮಾನ ಇಲಾಖೆ ಮತ್ತು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮುನ್ಸೂಚನೆಗಳನ್ನು ಆಧರಿಸಿ, ಮುಂದಿನ ಎರಡು ದಿನಗಳಲ್ಲಿ ಯಾವ ತಾಲ್ಲೂಕಿನಲ್ಲಿ ಎಷ್ಟು ಹೊತ್ತು ಹೊಳವಾಗುವ ಸಂಭವವಿದೆ ಎಂಬುದನ್ನು ಜೂನ್‌ನಿಂದ ಆಗಸ್ಟ್‌ವರೆಗೆ ಅದೇ ಜಾಗದಲ್ಲಿ ನಾಲ್ಕು ಸಾಲಿನಲ್ಲಿ ಕೊಟ್ಟರೆ, ಹಿಂದಿನ ರಾತ್ರಿಯೇ ಕೊನೆಗಾರನಿಗೆ ಹೇಳಿಟ್ಟು ಸುಣ್ಣ ನೆನೆಹಾಕಲು ಬೆಳೆಗಾರರಿಗೆ ಅನುಕೂಲವಾಗುತ್ತದೆ.

ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಬೆಳೆಗಾರ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ