ಹೆದೆ ಕಟ್ಟಿಕೊಟ್ಟ ಅಮ್ಮನಿಗೆ

ಕಳೆದ ಭಾನುವಾರ ಅಮೆರಿಕದ ಬೌಲ್ಡರ್‌ನಲ್ಲಿ ಶಿಬಾತಾ ಗುರುಗಳ ನೆನಪಿಗೆ ಬಾಣ ಬಿಡಲು ಸೇರಿದ್ದೆವು. ಇನ್ನೇನು ನನ್ನ ಸರದಿ, ಬಿಲ್ಲಿನ ಹೆದೆ ಪಟ್ ಅಂತ ಹರಿಯಿತು. ನನಗೆ ಅಳುವೇ ಬಂತು.

ನಾನು ಗುರುಗಳನ್ನು ಕಂಡವಳಲ್ಲ. ಕಂಜೂರೋ ಶಿಬಾತಾ, ಆ ಹೆಸರಿನ 20ನೆಯವರು. ಜಪಾನಿನ ಚಕ್ರವರ್ತಿಗೆ ಬಿಲ್ಲು ಮಾಡಿಕೊಡುತ್ತಿದ್ದ ಮನೆತನ ಅವರದು. 1980ರಲ್ಲಿ ಟಿಬೆಟಿನ ಬೌದ್ಧ ಗುರು ಚೋಗ್ಯಾಮ್ ತ್ರುಂಗ್ಪಾ ಕರೆದರೆಂದು ಅಮೆರಿಕಕ್ಕೆ ಬಂದು ಕ್ಯೂದೋ, ಅಂದರೆ ಜಪಾನಿನ ಬಿಲ್ಲುವಿದ್ಯೆ, ಕಲಿಸಿದರು. 2013ರಲ್ಲಿ ತೀರಿಕೊಂಡರು. ನಾನು ಕಲಿತದ್ದು ಅವರ ಶಿಷ್ಯರಿಂದ. ಹೊಸಬರು ತಿಂಗಳುಗಟ್ಟಲೆ ಎರಡೇ ಮೀಟರ್ ದೂರದ ಹುಲ್ಲಿನ ಪಿಂಡಿಗೆ ಬಾಣ ಬಿಡಬೇಕು. ಅಷ್ಟು ಹತ್ತಿರದಲ್ಲಿ ಗುರಿ ತಪ್ಪುವ ಮಾತೇ ಇಲ್ಲ. ನಿಲುವು, ಉಸಿರು, ಮನಸ್ಸು ಅಷ್ಟನ್ನೇ ನೋಡಿಕೊಳ್ಳಬೇಕು. ನನಗೆ ಅದೇ ಜಾಸ್ತಿ ಕಷ್ಟವಾಗಿತ್ತು.

ಭಾನುವಾರ ನನ್ನ ಹೆದೆ ಹರಿದಾಗ ಎದ್ದು ಬಂದವರು ನೀವು. ನರೆತ ಕೂದಲು, ನೆರಿಗೆಯ ಜಪಾನಿ ಉಡುಪು, ಕಪ್ಪು ಹಕಾಮಾ. ನಿಮ್ಮ ಚೀಲದ ಹೊಸ ಹೆದೆ ತೆಗೆದು, ಕುಣಿಕೆ ಹಾಕಿ, ನನಗಿಂತ ಎತ್ತರದ ಬಿಲ್ಲನ್ನು ಬಾಗಿಸಿ ಏರಿಸಿದಿರಿ. ಒಂದು ಮಾತಿಲ್ಲ. ಸುಮ್ನೆ ಬಗ್ಗಿ ನಮಸ್ಕರಿಸಿ ಹೋಗಿ ಕೂತಿರಿ.

ಹೆಸರು ಕೇಳೋಣವೆಂದು ಹುಡುಕಿದೆ, ಅಷ್ಟರಲ್ಲಿ ನೀವು ಹೊರಟಿದ್ದಿರಿ. ತುಂಬಾ ಧನ್ಯವಾದ ಅಮ್ಮ. ಆ ಹೆದೆ ಇನ್ನೂ ನನ್ನ ಬಿಲ್ಲಿನಲ್ಲೇ ಇದೆ.