ಮಗಳಿಗೊಂದು ಪತ್ರ: ಹೊರೆ ಹೊತ್ತವಳ ಕಾಲ್ಗೆಣ್ಣು

ಮೈಸೂರು

ಪ್ರೀತಿಯ ಪುಟ್ಟಿ,

ಕಬ್ಬಿನ ಹೊರೆ ಹೊತ್ತವಳ ಮಣ್ಣಿನ ಮಾದರಿಯ ಫೋಟೊ ನೋಡಿದೆ. ತೋಳಲ್ಲಿ, ಬೆನ್ನಲ್ಲಿ ಕಸುವಿದೆ. ಆದರೆ ಆ ಹೊರೆ ಅವಳನ್ನು ಎಲ್ಲೂ ಒತ್ತುತ್ತಿಲ್ಲ. ಮಂಡ್ಯದ ಕಡೆ ಕಟಾವಿನ ಗದ್ದೆಗೆ ಹೋಗಿ ನೋಡು: ಹೊರೆ ತಲೆಗೇರಿದ ಕೂಡಲೇ ಕತ್ತು ಗಿಡ್ಡವಾಗುತ್ತದೆ, ಗಲ್ಲ ಒಳಸೇರುತ್ತದೆ, ಕಾಲ್ಬೆರಳು ನೆಲ ಕಚ್ಚುತ್ತವೆ. ಹೊರೆಯ ನಡುಮಧ್ಯದಿಂದ ದಾರಕ್ಕೆ ಗುಂಡು ಕಟ್ಟಿ ಇಳಿಬಿಡು. ಅದು ಪಾದಗಳ ಆಚೆ ಬಿದ್ದರೆ ಅವಳು ಮುಗ್ಗರಿಸುವವಳಂತೆ ಕಾಣುತ್ತಾಳೆ. ಫ್ರೆಂಚ್ ಶಿಲ್ಪಿ ರೋಡಾನ್ 1889ರಲ್ಲಿ ಮುಗಿಸಿದ ಕಲೇ ನಗರದ ಆರು ಮಂದಿಯ ಗುಂಪನ್ನು ಮತ್ತೆ ನೋಡು. ಕೈಕಾಲುಗಳನ್ನು ಬೇಕೆಂದೇ ದೊಡ್ಡದು ಮಾಡಿದ್ದಾನೆ. ಊರನ್ನು ಉಳಿಸಲು ಸಾಯಲು ಹೊರಟವರ ಭಯ ನನಗೆ ಮುಖಕ್ಕಿಂತ ಆ ಪಾದಗಳಲ್ಲೇ ಹೆಚ್ಚು ಕಾಣುತ್ತದೆ.

ಇನ್ನು ಎರಕ: ಮಾದರಿಯನ್ನು ಮೇಣದಲ್ಲಿ ತೆಗೆದು, ಮೇಲೆ ಮಣ್ಣು ಮೆತ್ತಿ ಅಚ್ಚು ಮಾಡಿ, ಮೇಣ ಕರಗಿಸಿ ಹೊರಬಿಟ್ಟ ಜಾಗಕ್ಕೆ ಕಂಚು ಹೊಯ್ಯುವ ಕೆಲಸ. ಮನುಷ್ಯನ ಮೈ ಎಲ್ಲಿ ನಾಜೂಕೋ ಕಂಚೂ ಅಲ್ಲೇ ಕೈಕೊಡುತ್ತದೆ. ಮೇಣದ ದಪ್ಪ ಎಲ್ಲ ಕಡೆ 4–5 ಮಿ.ಮೀ. ಇರಲಿ. ಕಾಲ್ಗೆಣ್ಣನ್ನು ಟೊಳ್ಳು ಮಾಡದೆ ಗಟ್ಟಿಯಾಗಿಯೇ ಬಿಡುವುದಾದರೆ ದಪ್ಪವನ್ನು ನಿಧಾನವಾಗಿ ಏರಿಸು. ತೆಳು ಭಾಗ ಮೊದಲು ಹೆಪ್ಪುಗಟ್ಟಿ, ದಪ್ಪ ಭಾಗ ಕುಗ್ಗುವಾಗ ಅದಕ್ಕೆ ಲೋಹ ಸಿಗದೆ ಒಳಗೆ ಗುಳಿ ಬೀಳುತ್ತದೆ, ಇಲ್ಲವೇ ಅಲ್ಲೇ ಸೀಳುತ್ತದೆ. ಹಾಗಾಗಿ ಅಲ್ಲಿಗೆ ದಪ್ಪನೆಯ ರೈಸರ್, ಅಂದರೆ ಕುಗ್ಗುವಾಗ ಲೋಹ ಒದಗಿಸುವ ಕವಲು, ಕೊಡು. ಹೊರೆಯ ಭಾರಕ್ಕೆ ಅದೇ ಕಾಲು ತಾನೇ ಆಧಾರ?

ಅಚ್ಚನ್ನು ತಲೆಕೆಳಗಾಗಿಟ್ಟು ಹೊಯ್ಯುವೆ ಎಂದಿದ್ದೀಯ. ಹೊರೆ ಹಿಡಿದ ಬಲಗೈಗೆ ಲೋಹ ಸಲೀಸಾಗಿ ಇಳಿಯುತ್ತದೆ. ಇಳಿಬಿಟ್ಟ ಎಡಗೈಯ ಬೆರಳು, ಸೆರಗಿನ ತುದಿ ಮಾತ್ರ ಮೇಲ್ಮುಖವಾಗಿ ನಿಲ್ಲುತ್ತವೆ. ಗಾಳಿ ಅಲ್ಲೇ ಸಿಕ್ಕಿಕೊಂಡು ಬೆರಳು ಮೊಂಡಾಗುತ್ತದೆ. ಪ್ರತಿ ಬೆರಳ ತುದಿಗೂ ಮೇಣದ ಕಡ್ಡಿ ಅಂಟಿಸಿ ಗಾಳಿದಾರಿ ಮಾಡು. ಮೇಣದೊಳಗಿನ ಮಣ್ಣಿನ ತಿರುಳು ಅಲುಗದಂತೆ ಅಡ್ಡ ಮೊಳೆ ಹೊಡೆಯುವುದನ್ನು ಮರೆಯಬೇಡ.

ಮೊದಲ ಲೇಪಕ್ಕೆ ಬಟ್ಟೆಯಲ್ಲಿ ಸೋಸಿದ ಹೊಳೆಯ ಮೆಕ್ಕಲು ಮಣ್ಣು. ಚರ್ಮದ ಸುಕ್ಕು ಹಿಡಿಯುವುದು ಅದೇ. ನೆರಳಲ್ಲೇ ಒಣಗಿಸು. ಬಿಸಿಲಿಗಿಟ್ಟರೆ ಬಿರುಕು ಬಿಟ್ಟು, ಅದರೊಳಗೆ ಕಂಚು ನುಗ್ಗಿ ಮೂರ್ತಿಯ ಮೇಲೆ ತೆಳು ರೆಕ್ಕೆಯಂತೆ ಏಳುತ್ತದೆ. ಅಚ್ಚಿನಲ್ಲಿ ಹಸಿ ಉಳಿದರೆ ಇನ್ನೂ ಅಪಾಯ: ಉಗಿಯೆದ್ದು ಲೋಹ ಮೈಮೇಲೆ ಸಿಡಿಯುತ್ತದೆ.

ಕಂಚಿಗೆ ನೂರರಲ್ಲಿ ತಾಮ್ರ 90 ಪಾಲು, ತವರ 10 ಪಾಲು. ತವರವನ್ನು ಕೊನೆಗೆ ಹಾಕು. ಮೊದಲೇ ಹಾಕಿದರೆ ಕಿಟ್ಟವಾಗಿ ಹೋಗುತ್ತದೆ. ಸುಮಾರು 1,100 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಧಾರೆ ಕಡಿಯದಂತೆ ಹೊಯ್ಯಿ.

ಮಣ್ಣು ಮೆತ್ತುವ ಮುಂಚೆ ಕಡ್ಡಿಗಳ ಸಮೇತ ಮೇಣವನ್ನು ತೂಗು. ಒಂದು ಕಿಲೋ ಮೇಣಕ್ಕೆ ಒಂಬತ್ತು ಕಿಲೋಗಿಂತ ತುಸು ಹೆಚ್ಚು ಕಂಚು ಬೇಕು, ಮೇಲೆ ಮೂಸೆಯಲ್ಲಿ ಉಳಿಯುವಷ್ಟು. ತೂಕ ಬರೆದು ಕಳಿಸು, ತಾಮ್ರದ ಲೆಕ್ಕ ಹಾಕೋಣ.

ನಿನ್ನ ಅಪ್ಪ