ಬಾಗಿಲ ಮೇಲಿನ ‘ಬಿಸಿ’ ಚೀಟಿ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ಫೋಟೊ ನೋಡಿದೆ. ‘ಸಾಹೇಬ್ರು ಬಿಸಿ ಇದಾರೆ, ನಾಳೆ ಬನ್ನಿ’ ಅಂತ ಕಚೇರಿ ಬಾಗಿಲಿಗೆ ಅಂಟಿಸಿದ ಅದೇ ಚೀಟಿ. ‘ಬ್ಯುಸಿ’ ಅನ್ನುವುದನ್ನು ‘ಬಿಸಿ’ ಅಂತ ಬರೆದಿದ್ದಾರೆ ಎಂದು ವರದಿಗಾರರು ಕಾಗುಣಿತ ಹಿಡಿದುಕೊಂಡು ನಕ್ಕಿದ್ದಾರೆ. ಆ ಚೀಟಿಯ ಮುಂದೆ ನಾಲ್ಕು ದಿನ ನಿಂತವನು ನಾನು, ನನಗೆ ನಗು ಬರಲಿಲ್ಲ.

ಕಾಗುಣಿತ ಬಿಡಿ. ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವನು ಹೇಳುತ್ತಿದ್ದೇನೆ, ಅಲ್ಲಿ ತಪ್ಪು ಇಂಗ್ಲಿಷಿನವರದ್ದೇ. ‘ಬಿ’ ಆದಮೇಲೆ ‘ಯು’ ಬರೆದು ಬಾಯಲ್ಲಿ ‘ಬಿಜಿ’ ಅನ್ನುತ್ತಾರೆ. ಅವರ ದೇಶದ ಒಂದು ಸೀಮೆಯ ಬರಹ, ಇನ್ನೊಂದು ಸೀಮೆಯ ಉಚ್ಚಾರ ಸೇರಿಕೊಂಡು ಆದ ಎಡವಟ್ಟು ಅದು. ಆ ‘ಯು’ ನೋಡಿ ನಾವು ‘ಬ್ಯುಸಿ’ ಮಾಡಿಕೊಂಡೆವು. ಸಾವಿರ ವರ್ಷದ ಹಿಂದಿನ ಹಳೆ ಇಂಗ್ಲಿಷಿನಲ್ಲಿ ಇದನ್ನು ‘ಬಿಸಿಗ್’ ಅಂತಲೇ ಬರೆಯುತ್ತಿದ್ದರು. ಹಾಗೆ ನೋಡಿದರೆ ಚೀಟಿ ಬರೆದ ಹುಡುಗನೇ ವಾಸಿ ಅಲ್ವಾ?

ತಪ್ಪಿರುವುದು ಅರ್ಥದಲ್ಲಿ. ಆ ‘ಬಿಸಿಗ್’ ಅಂದರೆ ಕೆಲಸದಲ್ಲಿ ಮುಳುಗಿದವನು ಅಷ್ಟೇ ಅಲ್ಲ, ಅದರ ಚಿಂತೆ ಹಚ್ಚಿಕೊಂಡವನು, ಕಾಳಜಿ ಇರುವವನು. ‘ಬಿಸಿನೆಸ್’ ಹುಟ್ಟಿದ್ದೂ ಅದರಿಂದಲೇ. ಮೊದಲು ಅದಕ್ಕೆ ಚಿಂತೆ, ಕಳವಳ ಅಂತ ಅರ್ಥ ಇತ್ತು, ವ್ಯಾಪಾರ ಆಮೇಲೆ ಬಂತು. ಮಂಡಿಪೇಟೆಯ ವ್ಯಾಪಾರಿಗಳನ್ನು ಕೇಳಿ, ಎರಡೂ ಒಂದೇ ಅಂತಾರೆ. ನಮ್ಮ ಸಾಹೇಬರಿಗೆ ಯಾವ ಚಿಂತೆ ಸ್ವಾಮಿ? ನಾಲ್ಕನೇ ದಿನ ಬಾಗಿಲು ಸ್ವಲ್ಪ ತೆರೆದಿತ್ತು, ಇಣುಕಿದೆ. ಮಂಡಕ್ಕಿ ಮೆಣಸಿನಕಾಯಿ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದರು. ಬಿಸಿ ಇದ್ದದ್ದು ಮೆಣಸಿನಕಾಯಿ.

ನನ್ನ ಕೆಲಸವೇನೂ ದೊಡ್ಡದಲ್ಲ. ಮನೆ ಖಾತೆಯಲ್ಲಿ ಅಪ್ಪನ ಹೆಸರಿನ ಒಂದೇ ಒಂದು ಅಕ್ಷರ ತಿದ್ದಬೇಕು. ಅಷ್ಟಕ್ಕೆ ನಿಟುವಳ್ಳಿಯಿಂದ ನಾಲ್ಕು ಸಲ ಆಟೊ, ಈ ಬಿಸಿಲು, ಮಂಡಿನೋವು, ಒಂದು ದಿನ ನಲ್ಲಿ ನೀರು ಬರುವ ಹೊತ್ತು ತಪ್ಪಿಸಿಕೊಂಡು ಮನೆಯಲ್ಲಿ ಬೈಗುಳ ಬೇರೆ. ಫೋನ್ ಲೈನಿಗೂ ‘ಬಿಜಿ’ ಅನ್ನುವುದನ್ನು ರೂಢಿಗೆ ತಂದವರು ಅಮೆರಿಕದವರು, ಬ್ರಿಟನ್ನಿನವರು ‘ಎಂಗೇಜ್ಡ್’ ಅಂತಾರೆ. ನಮ್ಮ ಕಚೇರಿಯವರು ಎರಡೂ ಅನ್ನಲ್ಲ, ಎತ್ತೋದೇ ಇಲ್ಲ.

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ, ಇನ್ನು ಪ್ರತಿಯೊಂದಕ್ಕೂ ಚಿತ್ರದುರ್ಗಕ್ಕೆ ಅಲೆಯುವುದು ತಪ್ಪಿತು ಅಂತ ಖುಷಿಪಟ್ಟವರು ನಾವು. ಈಗ ಊರೊಳಗೇ ಅಲೆಯುತ್ತಿದ್ದೇವೆ. ಆಗಿನ ಗುಮಾಸ್ತರು ‘ಪುರುಸೊತ್ತಿಲ್ಲ ಮೇಷ್ಟ್ರೇ’ ಅಂತಿದ್ದರು. ಅದೂ ಫಾರಸಿಯಿಂದ ಬಂದ ಪದ ಅನ್ನಿ. ಆದರೆ ಹಾಗೆ ಅಂದವರು ಸಂಜೆಯೊಳಗೆ ಕಾಗದ ಕೈಗೆ ಕೊಡುತ್ತಿದ್ದರು. ಲಂಚ ತಗೊಂಡಾದರೂ ಕೊಡುತ್ತಿದ್ದರು.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಆ ಚೀಟಿಯನ್ನು ಕಿತ್ತುಹಾಕಬೇಕು, ಇಲ್ಲವೇ ಸಾಹೇಬರನ್ನು. ಎರಡೂ ಆಗದಿದ್ದರೆ ಬಾಗಿಲ ಮುಂದೆ ಒಂದು ಬೆಂಚಾದರೂ ಹಾಕಿಸಲಿ, ಫ್ಯಾನೂ ಇರಲಿ. ನೀವೂ ಅಷ್ಟೇ, ಚೀಟಿ ಫೋಟೊ ತೆಗೆದದ್ದು ಸಾಕು, ಮುಂದಿನ ಸಲ ಒಳಗೆ ಹೋಗಿ ತೆಗೆಯಿರಿ.

– ನಿವೃತ್ತ ಶಿಕ್ಷಕ, ನಿಟುವಳ್ಳಿ, ದಾವಣಗೆರೆ